ಮುಂಬಯಿಗೆ ಹೋಗಿ ಬರುವವರು

ದಿಗಂಬರ ಲೇಲೆಯವರ ನೆಮ್ಮದಿಯನ್ನು ಕೆಡಿಸಿದ್ದು ಒಂದು ಟವೆಲ್ಲು. ಅದು ಅವರ ಮನೆಯದಲ್ಲ, ಅವರು ಕಣ್ಣಾರೆ ಕಂಡದ್ದೂ ಅಲ್ಲ. ನೆರೆಮನೆಯ ಅರವಿಂದ ಮುಳ್ಯೆಯ ಬಾಯಿಂದ ಬಂದದ್ದು.

ಭಾನುವಾರ ಸಂಜೆ ರತ್ನಾಗಿರಿಯ ನಮ್ಮ ಓಣಿಯ ಬಾವಿಕಟ್ಟೆಯ ಬಳಿ ನಾಲ್ಕು ಜನ ಸೇರುವುದು ವಾಡಿಕೆ. ಸೇರಿದವರು ಸದ್ವಿಚಾರವನ್ನೇ ಆಡಬೇಕೆಂಬ ನಿಯಮ ಇಲ್ಲದಿರುವುದು ಈ ಓಣಿಯ ದೊಡ್ಡ ಕೊರತೆ. ಅಂದು ಮುಳ್ಯೆ, ಶನಿವಾರ ಭಾನುವಾರಗಳನ್ನು ಪತ್ನೀಸಮೇತ ಮುಂಬಯಿಯಲ್ಲಿ ಕಳೆದು ಆಗತಾನೇ ಮರಳಿದ್ದವನು, ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಲೇಲೆಯವರ ಹೆಂಡತಿ ಸುಲಭಾಳಿಗೆ ವರ್ಣಿಸುತ್ತಿದ್ದ.

"ಹೋಟೆಲಿನ ಖೋಲಿ ಬಾಗಿಲಾ ತೆಗೀತೇವಿ, ಹಾಸಿಗಿ ಮ್ಯಾಲೆ ಹಂಸ ಕೂತದ! ಬಿಳೇ ಟವೆಲ್ಲನ್ನ ಹಂಸದ್ಹಂಗ ಮಡಚಿ ಇಟ್ಟಾರ್ರೀ ವೈನಿ. ಆ ಕುತ್ತಿಗಿ ಏನು, ಆ ಕೊಕ್ಕು ಏನು! ಇದನ್ನ ಬಿಚ್ಚಿ ಮೈ ಒರಸ್ಕೊಂಡ್ರ ಪಾಪ ಬರ್ತದ ಅಂದೆ ನಾ. ಕಿಟಕಿ ತೆಗದ್ರ ಸಮುದ್ರ. ಮುಂಜಾನೆ ಕೆಳಗಿಳಿದ್ರ ನಾಷ್ಟಾ. ಎಷ್ಟು ಬೇಕೋ ಅಷ್ಟು ಹಾಕ್ಕೊಳ್ರಿ, ಸಾಕು ಅನ್ನೋವ್ರು ಯಾರೂ ಇಲ್ಲ!"

"ಸಮುದ್ರ ನಮ್ಮೂರಾಗೂ ಅದ ಅಲ್ಲರೀ," ಎಂದರು ಲೇಲೆ, ಆದಷ್ಟು ತಣ್ಣಗೆ.

"ಲೇಲೆಯವರ, ನಮ್ಮದು ಮೀನು ಹಿಡಿಯೋ ಸಮುದ್ರ. ಅದು ನೋಡೋ ಸಮುದ್ರ!"

ಕಟ್ಟೆಯವರೆಲ್ಲ ನಕ್ಕರು. ಲೇಲೆಯವರು ಹೆಂಡತಿಯ ಕಡೆ ತಿರುಗಿ ನೋಡಿದರು. ನೋಡಬಾರದಿತ್ತು. ಸುಲಭಾ ಮಡಿಲಲ್ಲಿದ್ದ ಸೊಪ್ಪನ್ನು ಬಿಡಿಸುವುದು ಮರೆತು, ಬಾಯಿ ತುಸು ತೆರೆದು, ಮುಳ್ಯೆಯ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣುಗಳಲ್ಲಿ ಒಂದು ಹೊಳಪಿತ್ತು. ಮದುವೆಯಾದ ಇಷ್ಟು ವರ್ಷಗಳಲ್ಲಿ ಆ ಹೊಳಪು ತಮ್ಮ ಕಡೆಗೆ ತಿರುಗಿದ್ದು ಲೇಲೆಯವರಿಗೆ ನೆನಪಿರಲಿಲ್ಲ.

ಪರರ ಉಪಾಹಾರದ ವರ್ಣನೆ ಕೇಳಿ ನಿದ್ದೆಗೆಡುವುದು ಗೃಹಸ್ಥನಾದವನಿಗೆ ತರವಲ್ಲ. ಆದರೆ ಅಸೂಯೆಯು ಶಾಲೆಗೆ ಹೋದದ್ದಲ್ಲ. ಅದಕ್ಕೆ ತರತಮ ತಿಳಿಯದು. ನಗರಪಾಲಿಕೆಯ ನೀರಿನ ವಿಭಾಗದಲ್ಲಿ ಗುಮಾಸ್ತರಾದ ಲೇಲೆಯವರು ಆ ರಾತ್ರಿಯೆಲ್ಲ ಸೋರುವ ನಲ್ಲಿಯ ಹಾಗೆ ತೊಟ್ಟು ತೊಟ್ಟಾಗಿ ಎಚ್ಚರವಿದ್ದರು. ರಾಜಾಪುರದಿಂದ ವರ್ಗವಾಗಿ ಈ ಓಣಿಗೆ ಬಂದು ವರ್ಷವಾಗಿತ್ತು. ಬಂದಾಗಿನಿಂದ ಅವರು ಒಂದೇ ದೃಶ್ಯವನ್ನು ಪರದೆಯ ಸಂದಿಯಿಂದ ತಿಂಗಳು ತಿಂಗಳೂ ನೋಡುತ್ತಿದ್ದರು: ಶುಕ್ರವಾರ ಸಂಜೆ ಮುಳ್ಯೆಯ ಬಾಗಿಲಿಗೆ ರಿಕ್ಷಾ ಬರುತ್ತದೆ, ಚೀಲದ ಮೇಲೆ ಚೀಲ ಏರುತ್ತದೆ, ಕೊನೆಗೆ ದಂಪತಿಗಳು ಆ ಚೀಲಗಳ ನಡುವೆ ಉಪ್ಪಿನಕಾಯಿ ಹೋಳುಗಳ ಹಾಗೆ ಒತ್ತಿ ಕೂರುತ್ತಾರೆ.

"ಎರಡು ದಿನಕ್ಕ ಅಷ್ಟೊಂದು ಬಟ್ಟಿ!" ಎಂದು ಲೇಲೆಯವರು ಹಲ್ಲು ಕಡಿದಿದ್ದರು. "ಮುಂಜಾನೆಗೊಂದು ಸೀರಿ, ಮಧ್ಯಾಹ್ನಕ್ಕೊಂದು ಸೀರಿ, ಸಮುದ್ರ ನೋಡ್ಲಿಕ್ಕೊಂದು ಸೀರಿ!"

ಮರುದಿನವೇ ಅವರು ಮುಂಬಯಿಯ ಸಮುದ್ರತೀರದ ಹೋಟೆಲೊಂದಕ್ಕೆ ಫೋನು ಮಾಡಿ, ಆ ವಾರದ ಶನಿವಾರಕ್ಕೆ ಕಡಲಿನ ಕಡೆ ಕಿಟಕಿಯಿದ್ದ ಕೊಠಡಿಯನ್ನು ಗೊತ್ತುಮಾಡಿದರು. ಗುಟ್ಟಾಗಿ ಹೋಗಿ ಗುಟ್ಟಾಗಿ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನೆರೆಯವನಿಗೆ ತಿಳಿಯದ ಸುಖವು ಅಸೂಯಾಪರನಿಗೆ ಸುಖವೇ ಅಲ್ಲ. ಬುಧವಾರ ಸಂಜೆ ಅವರು ಬಾವಿಕಟ್ಟೆಗೆ ಹೋಗಿ, ಯಾರೂ ಕೇಳದಿದ್ದರೂ, ಎಲ್ಲರಿಗೂ ಕೇಳುವಂತೆ ಸಾರಿದರು.

"ಈ ಶನಿವಾರ ನಾವು ಮುಂಬಯಿಗೆ ಹೊಂಟೇವಿ. ಸುಮ್ನ, ತಿರುಗಾಡ್ಲಿಕ್ಕ. ಗಿರಗಾಂವದ ದಂಡಿ ಮ್ಯಾಲೆ ಖೋಲಿ ಹಿಡದೇವಿ."

ಮುಳ್ಯೆ ಎದ್ದು ಬಂದವನೇ ಲೇಲೆಯವರ ಎರಡೂ ಕೈಗಳನ್ನು ಹಿಡಿದುಕೊಂಡ. ಅವನ ಕಣ್ಣುಗಳಲ್ಲಿ ನೀರಾಡಿತ್ತು.

"ಹೌದಾ? ಖರೇನಾ? ಮಾತು ತಪ್ಪಬ್ಯಾಡ್ರಿ ಮತ್ತ!"

ನೋಡು, ಹೊಟ್ಟೆಕಿಚ್ಚು ಕಣ್ಣಿಗೇ ಬಂತು ಎಂದು ಲೇಲೆಯವರು ಒಳಗೊಳಗೇ ಹಿಗ್ಗಿದರು. ಆ ರಾತ್ರಿ ಅವರಿಗೆ ಮಗುವಿನಂಥ ನಿದ್ದೆ.

ಶುಕ್ರವಾರ ಬೆಳಿಗ್ಗೆ ಮೊದಲು ಬಂದವರು ಫಡಕೆ ಕಾಕು. ಕೈಯಲ್ಲಿ ಪುಟ್ಟದೊಂದು ಸ್ಟೀಲಿನ ಡಬ್ಬಿ.

"ದಿಗಂಬರ್, ನಮ್ಮ ಅತ್ತಿ ಮೊನ್ನೆ ಇಲ್ಲಿಂದ ದಾದರಕ್ಕ ಹೋಗೋ ಮುಂದ ಹಲ್ಲಿನ ಸೆಟ್ಟು ಲೋಟದಾಗ ಬಿಟ್ಟು ಹೋಗ್ಯಾರೋ. ಪಾಪ, ಗಂಜಿ ಮ್ಯಾಲೆ ಅದಾರ. ಇಳಿದ ಕೂಡ್ಲೆ ಕೊಟ್ಟುಬಿಡು, ನಿನ್ನ ದಾರಿಯಾಗೇ ಬರ್ತದ."

ಅವರ ಹಿಂದೆಯೇ ಇನ್ನೊಬ್ಬ ನೆರೆಯವರಿಂದ ಡೊಂಬಿವಿಲಿಯ ಮಗಳಿಗೆಂದು ಮಡಿಲ ಕೂಸಿನ ಗಾತ್ರದ ಹಲಸಿನ ಹಣ್ಣು ಬಂತು. ಮುಲುಂಡಿನ ತಮ್ಮನಿಗೆ ಹುರುಳಿ ಹಿಟ್ಟು, ಮುರುಗಲ ಸಿಪ್ಪೆ, ಮಾವಿನ ರಸವನ್ನು ಬಿಸಿಲಲ್ಲಿ ಒಣಗಿಸಿದ ಹಾಳೆಗಳ ಸುರುಳಿ ಬಂತು. ಭರಣಿಯಲ್ಲಿ ಉಪ್ಪಿನಕಾಯಿ ಬಂತು. ಕೊನೆಗೆ ಮುಳ್ಯೆಯೂ ಬಂದ, ಗಿರಗಾಂವದಲ್ಲಿದ್ದ ತನ್ನ ಸೋದರತ್ತೆಗೆ ಒಂದು ಗೋಣಿ ತೆಂಗಿನಕಾಯಿಯನ್ನು ಹೊತ್ತುಕೊಂಡು.

"ಆತ್ಯಾನ ಮನಿ ನಿಮ್ಮ ಹೋಟೆಲಿನ ಹಿಂದ ಅದ. ಕೂಗಿದ್ರ ಕೇಳ್ತದ."

ಕೊಂಕಣದಲ್ಲಿ ಹುಟ್ಟಿದವನು ಮುಂಬಯಿಗೆ ಹೊರಟಾಗ ನೆರೆಯವರ ಗಂಟನ್ನು ಒಲ್ಲೆನೆನ್ನುವುದು, ಸತ್ತವರ ಮನೆಗೆ ಹೋಗದೆ ಉಳಿದಷ್ಟೇ ದೊಡ್ಡ ಅಪರಾಧ. ಲೇಲೆಯವರು ಬಾಯಿ ತೆರೆಯುವ ಮೊದಲೇ ಸುಲಭಾ ಬಾಗಿಲಲ್ಲಿ ನಿಂತು, "ಕೊಡ್ರಿ ಕಾಕು, ಅದಕ್ಕೇನಂತ? ವಿಳಾಸ ಹೇಳ್ರಿ, ಸಾಕು," ಎನ್ನುತ್ತಿದ್ದಳು. ಪರೋಪಕಾರವು ದೊಡ್ಡ ಗುಣ, ನಿಜ. ಆದರೆ ಪರೋಪಕಾರಿ ಸಿಕ್ಕನೆಂದು ಅವನ ಬೆನ್ನಿನ ಮೇಲೆ ಹಲಸಿನ ಹಣ್ಣು ಹೇರುವವರಿಗೆ ಯಾವ ಗುರುಗಳೂ ಯಾವ ತರಗತಿಯಲ್ಲೂ ನೀತಿಪಾಠ ಹೇಳಲಿಲ್ಲವೇ ಎಂದು ಕೇಳಬೇಕಾಗುತ್ತದೆ.

"ಹೋಟೆಲಿನವ್ರು ಖೋಲಿ ಕೊಡೋದು ಮಧ್ಯಾಹ್ನ," ಎಂದು ಲೇಲೆಯವರು ರೈಲಿನಲ್ಲಿ ಹೆಂಡತಿಯನ್ನು ಸಮಾಧಾನಪಡಿಸಿದರು. "ಅಷ್ಟರಾಗ ಎಲ್ಲಾ ಕೊಟ್ಟು ಮುಗಿಸಿಬಿಡೋಣ. ಸೂರ್ಯ ಮುಳಗೋ ಮುಂದ ನೀ ಕಿಟಕ್ಯಾಗ ಕೂತಿರಬೇಕು. ನಾ ನಿನ್ನ ಮುಖಾ ನೋಡಬೇಕು."

"ನನ್ನ ಮುಖಾ ನೋಡ್ಲಿಕ್ಕ ಮುಂಬಯಿ ತನಕಾ ಯಾಕ್ ಹೋಗಬೇಕ್ರೀ?" ಎಂದಳು ಸುಲಭಾ, ಹಲಸಿನ ಹಣ್ಣಿಗೆ ತಲೆಯಾನಿಸಿ ನಿದ್ದೆಹೋಗುತ್ತ.

ಬೆಳಗಿನ ಜಾವ ದಾದರಿನಲ್ಲಿ ಇಳಿದು ಫಡಕೆಯವರ ಮನೆಯ ಕರೆಗಂಟೆ ಒತ್ತಿದ್ದೇ ತಡ, ಒಳಗಿನಿಂದ "ಹಲ್ಲು ಬಂತು! ಹಲ್ಲು ಬಂತು!" ಎಂಬ ಜಯಘೋಷವೆದ್ದಿತು. ಅಜ್ಜಿ ಸೆಟ್ಟನ್ನು ಬಾಯಿಗೆ ಕೂರಿಸಿಕೊಂಡು, ಅಲಗಾಡುವುದೋ ಎಂದು ಪರೀಕ್ಷಿಸಲು ಒಂದು ಚಕ್ಕುಲಿ ತರಿಸಿದರು.

"ಕೂಡ್ರಪಾ, ಹೋಗಬ್ಯಾಡ. ಸರಿಯಾಗಿ ಕೂಡಲಿಲ್ಲಂದ್ರ ನೀನೇ ತಿರಗಿ ಒಯ್ಯಬೇಕು."

ಪರೀಕ್ಷೆ ಡಬ್ಬಿ ಖಾಲಿಯಾಗುವವರೆಗೂ ನಡೆಯಿತು. ಆಮೇಲೆ ಅವಲಕ್ಕಿ. ಅವಲಕ್ಕಿಯ ಮೇಲೆ ಚಹಾ. ಎದ್ದು ನಿಂತಾಗ ಅಜ್ಜಿ ಸುಲಭಾಳನ್ನು ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ರವಿಕೆಯ ಕಣದಿಂದ ಉಡಿ ತುಂಬಿದರು. ಅಂಗೈಯಗಲದ ಡಬ್ಬಿಯೊಂದನ್ನು ಇಳಿಸಿ ಬಂದವರ ಹೊರೆಗೆ ಸೇರಕ್ಕಿ ಮತ್ತು ಒಂದು ಕಾಯಿ ಹೆಚ್ಚಿತು.

"ಹಿಂಗಾದ್ರ ಕೊಟ್ಟಷ್ಟೂ ಭಾರ ಆಗ್ತದಲ್ಲ!" ಎಂದರು ಲೇಲೆ ಮೆಟ್ಟಿಲಿಳಿಯುತ್ತ. ಸುಲಭಾ ಕಣದ ಬಟ್ಟೆಯನ್ನು ಬೆಳಕಿಗೆ ಹಿಡಿದು ಅಂಚು ನೋಡುತ್ತಿದ್ದಳು. ಪಾಪ, ಬೇಸರವನ್ನು ನುಂಗಿಕೊಳ್ಳುತ್ತಿದ್ದಾಳೆ ಎಂದುಕೊಂಡರು ಗಂಡ.

ಡೊಂಬಿವಿಲಿಯ ಲೋಕಲ್ ರೈಲಿನಲ್ಲಿ ಸುಲಭಾ ಹೆಂಗಸರ ಡಬ್ಬಿಗೆ ಹತ್ತಿದಳು. ಲೇಲೆಯವರು ಹಲಸಿನ ಹಣ್ಣನ್ನು ಎದೆಗವಚಿಕೊಂಡು ಗಂಡಸರ ನಡುವೆ ಸಿಕ್ಕಿದರು. ರಾತ್ರಿಯ ಸೆಕೆಗೆ ಆ ಹಣ್ಣು ಪಕ್ವವಾಗಿ, ತನ್ನ ಇರವನ್ನು ಡಬ್ಬಿಯ ಮೂಲೆಮೂಲೆಗೂ ಸಾರತೊಡಗಿತು.

"ಯಾರ್ದಪಾ ಇದು? ವಾಸನಿಗೆ ಹೊಟ್ಟಿ ಕೂಗ್ಲಿಕ್ಕತ್ತದ!"

"ಕಾಕಾ, ಇಲ್ಲೇ ಬಿಚ್ಚಿಬಿಡ್ರಿ. ಪುಣ್ಯಾ ಬರ್ತದ."

"ಇದು ನಂದಲ್ರಪಾ," ಎಂದು ಲೇಲೆಯವರು ಅಂಗಲಾಚಿದರು. "ಬ್ಯಾರೇದವ್ರ ಮಗಳಿಗೆ ಒಯ್ಲಿಕ್ಕತ್ತೇನಿ."

"ನಿಮ್ದಲ್ಲ ಅಂದಮ್ಯಾಲೆ ನಿಮಗ್ಯಾಕ್ರೀ ಅಷ್ಟು ಜೀವಾ?"

ಡಬ್ಬಿಯೇ ನಕ್ಕಿತು. ಅಷ್ಟರಲ್ಲಿ ಯಾವುದೋ ನಿಲ್ದಾಣ ಬಂದು, ಇಳಿಯುವವರ ನೂಕಿಗೆ ಲೇಲೆಯವರೂ ಹಲಸೂ ಒಂದೇ ದೇಹವೆಂಬಂತೆ ಹೊರಬಿದ್ದರು. ಎದ್ದು ನೋಡಿದರೆ ರೈಲು ಹೋಗಿತ್ತು, ಹೆಂಡತಿಯೂ ಹೋಗಿದ್ದಳು. ಗುರುತಿಲ್ಲದ ಊರಿನಲ್ಲಿ ಒಬ್ಬಳೇ ಅಳುತ್ತ ನಿಂತಿರುತ್ತಾಳೆಂದು ಅವರ ಎದೆ ಒಡೆಯಿತು. ಮುಂದಿನ ರೈಲು ಹಿಡಿದು, ಡೊಂಬಿವಿಲಿಯ ನಿಲ್ದಾಣವನ್ನೆಲ್ಲ ಹುಡುಕಿ, ಕೊನೆಗೆ ವಿಳಾಸದ ಮನೆಗೆ ಓಡಿ ಬಂದು ನೋಡುತ್ತಾರೆ: ಸುಲಭಾ ತೂಗುಮಣೆಯ ಮೇಲೆ ಕುಳಿತು ಮುರುಗಲ ಶರಬತ್ತು ಕುಡಿಯುತ್ತಿದ್ದಾಳೆ.

"ಬಂದ್ರಾ? ರೈಲಿನ್ಯಾಗೇ ಒಬ್ಬಾಕಿ ಪರಿಚಯ ಆದ್ಲು, ಇಲ್ಲೀ ತನಕಾ ತಂದು ಬಿಟ್ಲು. ಆಕಿನೂ ಈ ಮನಿಯಾಕಿನೂ ಗೆಳತ್ಯಾರಂತ, ಹೆಂಗದ ನೋಡ್ರಿ!"

ಲೇಲೆಯವರಿಗೆ ನೋಡುವ ವ್ಯವಧಾನ ಎಲ್ಲಿತ್ತು? ಅವರ ಮನಸ್ಸು ಕಡಲಿನ ಕಡೆ ತೆರೆಯುವ ಕಿಟಕಿಯಲ್ಲಿತ್ತು.

ಮುಲುಂಡಿನ ಮನೆಗೆ ಬೀಗ. ಪಕ್ಕದ ಮನೆಯವರು ಹೊರಗಿಣುಕಿ, "ಅವ್ರೆಲ್ಲಾ ಎದುರಿನ ಮಂಗಲ ಕಾರ್ಯಾಲಯದಾಗ ಲಗ್ನಕ್ಕ ಹೋಗ್ಯಾರ," ಎಂದರು. ಚೀಲ ಕೊಟ್ಟು ಬಂದುಬಿಡೋಣವೆಂದು ಮದುವೆಮನೆಯ ಹೊಸ್ತಿಲು ತುಳಿದವರನ್ನು ಯಾರು ಬಿಡುತ್ತಾರೆ? "ರತ್ನಾಗಿರಿಯಿಂದ ಬಂದಾರ!" ಎಂಬ ಒಂದು ಕೂಗಿಗೆ ಇಬ್ಬರನ್ನೂ ಎಳೆದು ಪಂಕ್ತಿಯಲ್ಲಿ ಕೂರಿಸಿದರು. ಮೊದಲ ಸಾಲು ತುಂಬಿದ್ದರಿಂದ ಎರಡನೆಯ ಸಾಲು. ಉಪ್ಪಿನಕಾಯಿಯ ಭರಣಿಯನ್ನು ಕಾಲ ನಡುವೆ ಇಟ್ಟುಕೊಂಡು ಲೇಲೆಯವರು ಯಾರದೋ ಮದುವೆಯ ಜಿಲೇಬಿಯನ್ನು ಕಣ್ಣೀರಿನ ಸಮೇತ ನುಂಗುತ್ತಿದ್ದಾಗ ಹೋಟೆಲಿನವರ ಫೋನು ಬಂತು.

"ಸಂಜಿಯೊಳಗ ಬರದಿದ್ರ ಖೋಲಿ ಬ್ಯಾರೆಯವ್ರಿಗೆ ಕೊಡ್ತೇವ್ರಿ. ನಾಳೆ ರಜಾ, ಜನಾ ಸಾಲು ಹಚ್ಯಾರ."

"ಬಂದೇಬಿಟ್ವಿ! ಬಾಗಿಲಾಗೇ ಅದೇವಿ!" ಎಂದರು ಲೇಲೆ. ಸತ್ಯವನ್ನು ಬಿಟ್ಟವನಿಗೆ ಮುಂಬಯಿಯ ಉದ್ದಗಲವೂ ಒಂದು ಬಾಗಿಲಾಗುತ್ತದೆ.

ಅವರು ಕೈತೊಳೆದು ಬರುವಷ್ಟರಲ್ಲಿ ಸುಲಭಾ ಕಾಣೆ. ಹುಡುಕಿದರೆ ಮದುಮಗಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಜಡೆಯಲ್ಲಿ ಯಾರೋ ಮುಡಿಸಿದ ಮಲ್ಲಿಗೆಯ ದಂಡೆ. ಉಡಿಯಲ್ಲಿ ಮತ್ತೊಂದು ಕಾಯಿ.

ಗಿರಗಾಂವವನ್ನು ಮುಟ್ಟಿದಾಗ ಬಿಸಿಲು ಇಳಿದಿತ್ತು. ಮೊದಲು ಹೋಟೆಲಿಗೆ ಓಡಬೇಕೆಂದು ಲೇಲೆಯವರಿಗೆ ಅನ್ನಿಸಿತು. ಆದರೆ ಗೋಣಿ ಹೊತ್ತುಕೊಂಡು ಹಂಸವಿರುವ ಕೊಠಡಿಗೆ ಹೋಗುವುದು ಹೇಗೆ? ಮಾಳಿಗೆಯ ಮೇಲೆ ಮಾಳಿಗೆ ಏರಿ, ಮುಳ್ಯೆಯ ಸೋದರತ್ತೆಯ ಬಾಗಿಲಲ್ಲಿ ಗೋಣಿ ಇಳಿಸಿದಾಗ ಅವರ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಸುಲಭಾಳನ್ನು ಆ ಮನೆಯ ಸೊಸೆ ಅಡಿಗೆಮನೆಗೆ ಎಳೆದೊಯ್ದಳು. ಇಂದೂ ಆತ್ಯಾ ಎಂಬ ಆ ವೃದ್ಧೆ ಕನ್ನಡಕವನ್ನು ಮೂಗಿಗೇರಿಸಿ ಲೇಲೆಯವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಓಹೋ, ಹೊಸಬರು ನೀವೇ ಏನು?"

"ಹೊಸಬರು ಅಂದ್ರ?"

"ಅರವಿಂದ ಫೋನ್ ಮಾಡಿದ್ದ. ಭಾಳ ಖುಷಿಯಾಗಿದ್ದ. 'ಆತ್ಯಾ, ನನಗ ಬಿಡುಗಡಿ ಆತು, ಇನ್ನ ಶನಿವಾರ ಮನ್ಯಾಗ ಮಲಗ್ತೇನಿ' ಅಂದ."

ಲೇಲೆಯವರು ನಿಧಾನವಾಗಿ ಕುಳಿತರು. "ಮುಳ್ಯೆಯವ್ರು ಇಲ್ಲಿ ಹೋಟೆಲಿನ್ಯಾಗ ಇಳಕೋತಾರಲ್ರೀ?"

"ಹೋಟೆಲ್ಲೇ?" ಆತ್ಯಾ ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ ಸುತ್ತಿಟ್ಟ ಹತ್ತಿಯ ಗಾದಿಯೊಂದಿತ್ತು. "ತಿಂಗಳ ತಿಂಗಳಾ ಬಂದು ಅದರ ಮ್ಯಾಲೇ ಬೀಳ್ತಾನ, ಕೂಸು. ಬೆನ್ನಿಗೆ ನಾನೇ ಎಣ್ಣಿ ತಿಕ್ತಿದ್ದೆ. ನಿಮ್ಮ ಓಣಿಯವ್ರ ಗಂಟು ಹೊತ್ತೂ ಹೊತ್ತೂ ಅವನ ಜೀವಾ ಅರ್ಧ ಆಗಿತ್ತು. ಎಲ್ಲಾರೂ ಹಿತ್ತಲ ಬಾಗಿಲಿಂದ ತಂದು ಇಟ್ಟು ಹೋಗ್ತಾರಂತ. ಒಮ್ಮೆ ಹೊತ್ತಾಂವಗ ಇನ್ನೊಬ್ಬ ಸಿಗೋ ತನಕಾ ಬಿಡುಗಡಿ ಇಲ್ಲಂತ."

ಲೇಲೆಯವರಿಗೆ ರಿಕ್ಷಾ ಕಂಡಿತು. ಏರುತ್ತಿದ್ದ ಚೀಲಗಳು ಕಂಡವು. ಅವುಗಳಲ್ಲಿ ತಾವು ಕಲ್ಪಿಸಿಕೊಂಡ ಸೀರೆಗಳೆಲ್ಲ ಒಂದೊಂದಾಗಿ ಹುರುಳಿ ಹಿಟ್ಟಾಗಿ ಬದಲಾದವು.

"ಹಂಗಾದ್ರ ಆ ಟವೆಲ್ಲು? ಆ ಹಂಸ?"

"ಹಂಸ ಅಂದ್ನಾ?" ಆತ್ಯಾ ಬಾಯಿಗೆ ಸೆರಗು ಒತ್ತಿ ನಕ್ಕರು. "ಬಾಪಟರ ಕಾಲಕ್ಕ ಅದು ಕಮಲ ಇತ್ತು. ಮೊದಲು ನಿಮ್ಮ ಓಣಿಯಿಂದ ಬಾಪಟರು ಬರ್ತಿದ್ರು ನೋಡ್ರಿ. ಮೊಣಕಾಲು ಹೋದಮ್ಯಾಲೆ ಹೋಟೆಲಿನ ಕಥಿ ಹೇಳಿ ಅರವಿಂದನ್ನ ಈ ಗಂಟಿನ ಕೆಲಸಕ್ಕ ಹಚ್ಚಿದ್ರು. ಅರವಿಂದ ನಿಮ್ಮನ್ನ ಹಚ್ಚಿದ. ಹೇಳ್ತಿದ್ದ: 'ಪಕ್ಕದ ಮನಿಯಾಂವ ನನ್ನ ಮಾತು ಕೇಳಿದ್ರ ಕಿವಿ ಕೆಂಪ ಮಾಡ್ತಾನ ಆತ್ಯಾ. ಇನ್ನೊಂದೆರಡು ಸಲ ಸಮುದ್ರದ ಸುದ್ದಿ ಹೇಳಿದ್ರ ಹಣ್ಣಾಗ್ತಾನ' ಅಂತ."

ಒಬ್ಬನ ಅಸೂಯೆಯನ್ನೇ ಸಿಂಬೆಯನ್ನಾಗಿ ಮಾಡಿ ಇನ್ನೊಬ್ಬನು ತನ್ನ ತಲೆಯ ಹೊರೆಯನ್ನು ಅವನ ತಲೆಗೆ ದಾಟಿಸುವುದು! ಓದು ಬರಹ ಬಲ್ಲವರ ಓಣಿಯಲ್ಲಿ ಇಂಥದು ತಲೆಮಾರಿನಿಂದ ತಲೆಮಾರಿಗೆ ನಡೆದು ಬಂದಿದೆಯೆಂದರೆ ಯಾರನ್ನು ದೂರಬೇಕು? ಲೇಲೆಯವರು ಹೊರಗೆ ಓಡಿ ಹೋಟೆಲಿಗೆ ಫೋನು ಮಾಡಿದರು. ಕೊಠಡಿಯನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿತ್ತು.

"ಛಲೋ ಆತು ಬಿಡ್ರಿ," ಎಂದರು ಆತ್ಯಾ. "ಮನಿಗೆ ಬಂದವ್ರನ್ನ ಹೋಟೆಲಿಗೆ ಕಳಸೋ ಮನಿತನಾ ಅಲ್ಲ ನಮ್ದು."

ಗಾದಿಯ ನಡುವೆ ಮುಳ್ಯೆಯ ಆಕಾರದ ತಗ್ಗೊಂದು ಬಿದ್ದಿತ್ತು. ಲೇಲೆಯವರು ಮಲಗಿದಾಗ ಅದು ಅವರಿಗೂ ಅಳತೆಗೆ ಹೊಲಿಸಿದಂತೆ ಕೂತಿತು. ಅಡಿಗೆಮನೆಯಲ್ಲಿ ಹೆಂಗಸರ ಪಿಸುಮಾತು ನಿಂತೇ ಇರಲಿಲ್ಲ. ಸಮುದ್ರವನ್ನು ನೋಡಲಾಗದ ತನ್ನ ದುಃಖವನ್ನು ಸುಲಭಾ ತೋಡಿಕೊಳ್ಳುತ್ತಿರಬೇಕೆಂದು ಎಣಿಸಿ, ಅವರು ಮುಖವನ್ನು ಗೋಡೆಗೆ ತಿರುಗಿಸಿದರು. ಆದರೆ ಕತ್ತಲಲ್ಲಿ ಒಂದು ಕೆಟ್ಟ ವಿಚಾರ ಅವರ ತಲೆಯಲ್ಲಿ ದೀಪದಂತೆ ಹತ್ತಿತು. ಬಾಪಟರು ದಾಟಿಸಿದರು, ಮುಳ್ಯೆ ದಾಟಿಸಿದ. ತಾವೇಕೆ ದಾಟಿಸಬಾರದು? ಓಣಿಯ ತುದಿಗೆ ಗೋಡಬೋಲೆ ಎಂಬ ಚಿತ್ರಕಲೆಯ ಮೇಷ್ಟರು ಹೊಸದಾಗಿ ಬಂದಿದ್ದಾರೆ. ಪರರ ಹೊಸ ಛತ್ರಿ ಕಂಡರೂ ಮುಖ ಸಣ್ಣದು ಮಾಡಿಕೊಳ್ಳುವ ಮನುಷ್ಯ.

ಭಾನುವಾರ ಸಂಜೆ ರಿಕ್ಷಾದಿಂದ ಇಳಿದವರೇ ಲೇಲೆಯವರು, ಕಾಲು ಕೂಡ ತೊಳೆಯದೆ, ನೆಟ್ಟಗೆ ಬಾವಿಕಟ್ಟೆಗೆ ನಡೆದರು. ಎಲ್ಲರೂ ಇದ್ದರು. ಮುಳ್ಯೆ ಎರಡು ಮಧ್ಯಾಹ್ನಗಳ ನಿದ್ದೆಯಿಂದ ಉಬ್ಬಿದ ಮುಖ ಹೊತ್ತು, ಬಾಪಟ ಅಜ್ಜನ ಪಕ್ಕದಲ್ಲಿ ಕುಳಿತಿದ್ದ.

ಇಲ್ಲಿ ಲೇಲೆಯವರು ನಿಜ ಹೇಳಬಹುದಿತ್ತು. ಕಂಡದ್ದನ್ನು ಕಂಡಂತೆ ಸಭೆಯ ನಡುವೆ ಆಡಿ ಈ ವಂಚನೆಯ ಸರಪಳಿಯನ್ನು ಕಡಿಯಬಹುದಿತ್ತು. ಅವರು ಗಂಟಲು ಸರಿಮಾಡಿಕೊಂಡು ಹೀಗೆ ಆರಂಭಿಸಿದರು:

"ಏನ್ ಹೇಳ್ಲಿ ಗೋಡಬೋಲೆಯವರ! ಬಚ್ಚಲದಾಗ ನಲ್ಲಿ ತಿರುವಿದ್ರ ಗುಲಾಬಿ ನೀರು ಬರ್ತದ. ನಾ ನೀರಿನ ಖಾತೆಯಾಂವ, ನನಗ ಸುಳ್ಳು ನಡಿಯಂಗಿಲ್ಲ. ನಾಷ್ಟಾಕ್ಕ ಕೂತ್ರ ಬಾಜೂಕೊಬ್ಬ ಪಿಟೀಲು ಬಾರಸ್ತಾನ. ನಾವು ತಿನ್ನೋದು ನಿಲ್ಲಿಸಿದ್ರ ಅಂವ ಅಳೋ ರಾಗ ಬಾರಸ್ತಾನ, ಮತ್ತ ತಿನಬೇಕು! ಮೂರನೇ ಮಾಳಗಿ ಕಿಟಕಿಯಾಗ ಕೂತ್ರ ಸಮುದ್ರದ ಅಲಿ ಬಂದು ಕಾಲ ಮುಟ್ಟಿ ಹೋಗ್ತದ."

ಬಾಪಟ ಅಜ್ಜ ಕಣ್ಣು ಮುಚ್ಚಿ, ಬುದ್ಧಿವಂತ ವಿದ್ಯಾರ್ಥಿಯ ಉತ್ತರ ಕೇಳುವ ಪರೀಕ್ಷಕನ ಹಾಗೆ ತಲೆಯಾಡಿಸಿದರು. ಗೋಡಬೋಲೆಯವರ ಮೂಗಿನ ಹೊಳ್ಳೆಗಳು ಅರಳಿದವು. ಕಿವಿಯ ತುದಿ ಮೊದಲು ಗುಲಾಬಿಯಾಯಿತು, ಆಮೇಲೆ ದಾಸವಾಳವಾಯಿತು.

"ಮೂರನೇ ಮಾಳಗಿಗೂ ಅಲಿ ಬರ್ತದೇನು?" ಎಂದು ಅವರು ಕ್ಷೀಣಸ್ವರದಲ್ಲಿ ಕೇಳಿದರು.

"ಖೋಲಿಗೆ ತಕ್ಕಂಗ ಬರ್ತದ್ರೀ," ಎಂದರು ಲೇಲೆ.

ಗೋಡಬೋಲೆ ಎದ್ದು ನಿಂತರು. "ಹಂಗಾದ್ರ ಬರೋ ಶನಿವಾರ ನಾವೂ..." ಎಂದರು. ಲೇಲೆಯವರು ಒಂದು ಹೆಜ್ಜೆ ಮುಂದೆ ಬಂದರು. ಮುಳ್ಯೆ ಕೂಡ, ಕಲಾವಿದನೊಬ್ಬನು ಇನ್ನೊಬ್ಬನಿಗೆ ತೋರುವ ಗೌರವದಿಂದ, ಸ್ವಲ್ಪ ನೆಟ್ಟಗಾದ.

ಅಷ್ಟರಲ್ಲಿ ರಿಕ್ಷಾದಿಂದ ಗಂಟುಗಳನ್ನೆಲ್ಲ ಇಳಿಸಿಕೊಂಡು ಸುಲಭಾ ಬಂದಳು.

"ಏನಂತ ಹೇಳ್ಲಿಕ್ಕತ್ತೀರಿ? ಹೋಟೆಲ್ಲೇ? ಯಾವ ಹೋಟೆಲ್ರೀ, ನಮಗ ಅಲ್ಲೀ ತನಕಾ ಹೋಗ್ಲಿಕ್ಕ ಪುರಸೊತ್ತೆಲ್ಲಿತ್ತು!" ಎಂದು ಅವಳು ಕಟ್ಟೆಯವರೆಲ್ಲ ಕೇಳುವಂತೆ ನಕ್ಕಳು. "ಫಡಕೆ ಕಾಕು, ನಿಮ್ಮ ಅತ್ತಿ ಚಕ್ಕುಲಿ ತಿಂದ್ರು! ಡೊಂಬಿವಿಲಿಯ ಮಗಳಿಗೆ ಕೊಟ್ಟ ಹಲಸಿನ ಹಣ್ಣೂ ಮುಟ್ಟಿತ್ರೀ, ಆಕಿ ತೊಳಿ ಬಿಡಿಸಿ ಓಣಿಗೆಲ್ಲಾ ಹಂಚಿದ್ಲು. ಮುಲುಂಡಿನ್ಯಾಗ ಲಗ್ನಾ ಉಂಡ್ವಿ. ಮನಿ ಮನ್ಯಾಗ ನನ್ನನ್ನ ಕೂಡಿಸಿ ಉಡಿ ತುಂಬ್ಯಾರ. ನಮ್ಮ ತವರಿನ್ಯಾಗೂ ನನಗ ಯಾರೂ ಇಷ್ಟು ಮಾಡಿಲ್ರೀ! ಎಲ್ಲಾರೂ ಮತ್ತ ಬಾ, ಮತ್ತ ಬಾ ಅಂದ್ರು. ಬರೋ ಶನಿವಾರ ಬರ್ತೇವಿ ಅಂತ ಮಾತು ಕೊಟ್ಟು ಬಂದೇನಿ. ಯಾರ್ಯಾರು ಏನೇನು ಕೊಡ್ತೀರಿ, ಈಗೇ ಹೇಳ್ರಿ."

ಗೋಡಬೋಲೆಯವರ ಕಿವಿಗಳು ಮೆಲ್ಲಗೆ ತಮ್ಮ ಸಹಜ ಬಣ್ಣಕ್ಕೆ ಮರಳಿದವು. ಅವರ ಮುಖದ ತುಂಬ ಒಂದು ಶಾಂತಿ ಹರಡಿತು. ಮುಳ್ಯೆ ಕಣ್ಣೊರೆಸಿಕೊಂಡು ಕಟ್ಟೆಗೆ ಮತ್ತೆ ಒರಗಿದ. ಲೇಲೆಯವರು ಹೆಂಡತಿಯನ್ನು ತಡೆಯಲೆಂದು ಅವಳ ಮುಖದ ಕಡೆ ತಿರುಗಿದರು, ಅಲ್ಲೇ ನಿಂತುಬಿಟ್ಟರು. ಯಾವ ಹೊಳಪಿಗಾಗಿ ಅವರು ಇಷ್ಟೆಲ್ಲ ಮಾಡಿದ್ದರೋ ಆ ಹೊಳಪು ಅವಳ ಕಣ್ಣುಗಳಲ್ಲಿ ತುಂಬಿ ನಿಂತಿತ್ತು.

"ಹಂಗಾದ್ರ ವೈನಿ," ಎಂದು ಗೋಡಬೋಲೆ ಮೇಷ್ಟರು ಹಗುರಾದ ದನಿಯಲ್ಲಿ ಹೇಳಿದರು, "ನಮ್ಮ ಅಕ್ಕಗೊಂದು ರುಬ್ಬೋ ಒಳಕಲ್ಲು ಮುಟ್ಟಿಸಬೇಕಾಗಿತ್ತು. ವಾಶಿಯಾಗ ಅದಾಳ."

ಲೇಲೆಯವರು ಬಾವಿಕಟ್ಟೆಯನ್ನು ಹಿಡಿದುಕೊಂಡರು. ಸುಲಭಾ ಎರಡೂ ಕೈ ಜೋಡಿಸಿ ಚಪ್ಪಾಳೆ ತಟ್ಟಿದಳು.

"ವಾಶಿಯೇನ್ರೀ? ಅಯ್ಯ, ಅದನ್ನ ನಾವಿನ್ನೂ ನೋಡೇ ಇಲ್ಲ!"